ಅರ್ಬುದವೂ ಅಕ್ಷರಲೋಪವೂ

ಅರ್ಬುದವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಎರಡು ಅರ್ಥಗಳುಂಟು. ಗಣಿತಜ್ಞರಿಗೆ ಅದು ಹತ್ತು ಕೋಟಿ; ವೈದ್ಯರಿಗೆ ದೇಹದಲ್ಲಿ ಬೆಳೆಯುವ ದುಷ್ಟವಾದ ಗಂಟು. ಸುಶ್ರುತನು ನಿದಾನಸ್ಥಾನದಲ್ಲಿ ಇದರ ಭೇದಗಳನ್ನು ವಿವರಿಸಿರುವನು. ಎರಡರ್ಥಗಳು ಒಂದೆಡೆ ಸೇರಿದ್ದು ಆಕಸ್ಮಿಕವೇ ಆಗಿರಲಿ, ಇಂದಿನ ವಿಜ್ಞಾನಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ಒಂದು ಜೀವಕಣವು ಮೇರೆಯರಿಯದೆ ಎರಡಾಗಿ, ನಾಲ್ಕಾಗಿ, ಕೋಟಿಗಟ್ಟಲೆಯಾಗಿ ಹೆಚ್ಚುವುದೇ ಅರ್ಬುದರೋಗ, ಅಂದರೆ ಕ್ಯಾನ್ಸರ್.

ಇದನ್ನು ಬರೆಯಲು ನಮಗೊಂದು ಕಾರಣವುಂಟು. ನಮ್ಮ ಪರಿಚಯದ ಒಂದು ಮನೆಯ ಯಜಮಾನರಿಗೆ ರಕ್ತದ ಅರ್ಬುದವೆಂದು ವೈದ್ಯರು ನಿರ್ಣಯಿಸಿದರು. ಮಗಳಿಗೆ ಗೊತ್ತಾಗಿದ್ದ ಸಂಬಂಧವು ಆ ವಾರವೇ ಮುರಿದುಹೋಯಿತು. ವಂಶದಲ್ಲಿ ದೋಷವಿದೆಯೆಂಬುದು ಗಂಡಿನ ಕಡೆಯವರ ಮಾತು. "ಇದು ನಿಜವೇ, ಮೇಷ್ಟ್ರೇ?" ಎಂದು ಹುಡುಗಿಯ ತಾಯಿ ನಮ್ಮನ್ನು ಕೇಳಿದರು. ವ್ಯಾಕರಣ ಹೇಳಿಕೊಟ್ಟು ಕಾಲ ಕಳೆದ ನಮಗೆ ವೈದ್ಯವೇನು ಗೊತ್ತು? ಆದರೂ ಬಲ್ಲವರನ್ನು ಕೇಳಿ, ಓದಿ, ಮನದಟ್ಟಾದಷ್ಟನ್ನು ವಾಚಕರ ಮುಂದಿಡುತ್ತೇವೆ.

ನಮ್ಮ ಜೀವಕಣಗಳಲ್ಲಿ ಸಾಮಾನ್ಯವಾಗಿ 23 ಜೊತೆ ವರ್ಣತಂತುಗಳಿರುವುವು. ಇವು ನಾಲ್ಕೇ ಅಕ್ಷರಗಳಲ್ಲಿ ಬರೆದ ದೊಡ್ಡ ಗ್ರಂಥದಂತೆ. ದೇಹಕ್ಕೆ ಬೇಕಾದ ಸಸಾರಜನಕಗಳನ್ನು ಮಾಡತಕ್ಕ ವಿಧಿಗಳು, ಎಂದರೆ ಜೀನುಗಳು, ಇದರಲ್ಲಿ ಸುಮಾರು 20,000 ಇವೆ. ಬೇಕಾದ ವಿಧಿಯು ಆರ್.ಎನ್.ಎ. ಎಂಬ ಪ್ರತಿಯಾಗಿ ಇಳಿದುಬಂದು ಕಾರ್ಯಗತವಾಗುತ್ತದೆ.

1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಎಂಬ ಶೋಧಕರು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ವಿಚಿತ್ರವೊಂದನ್ನು ಕಂಡರು. ಸುಮಾರು 22 ಅಕ್ಷರಗಳ ಒಂದು ಆರ್.ಎನ್.ಎ. ತುಣುಕು ತಾನು ಯಾವ ಸಸಾರಜನಕವನ್ನೂ ಮಾಡದೆ, ಬೇರೊಂದು ವಿಧಿಯ ಪ್ರತಿಗೆ ಅಂಟಿಕೊಂಡು ಅದರ ಕೆಲಸವನ್ನು ತಡೆಯುತ್ತಿದ್ದಿತು. ಉತ್ಸರ್ಗವನ್ನು ಅಪವಾದವು ಬಾಧಿಸುವುದನ್ನು ಕಂಡವರಿಗೆ ಇದೇನೂ ಹೊಸದಲ್ಲ! ಆದರೆ ಹುಳುವಿಗೆ ಮಾತ್ರ ಸಂಬಂಧಪಟ್ಟ ಸಂಗತಿಯೆಂದು ಆಗ ಹಲವರು ಉಪೇಕ್ಷಿಸಿದರು. 2000ದಲ್ಲಿ ರವ್‌ಕುನ್ನರ ತಂಡದವರು ಇಂಥದೇ ಇನ್ನೊಂದು ತುಣುಕು ಮನುಷ್ಯನಲ್ಲಿಯೂ ಇದೆಯೆಂದು ತೋರಿಸಿದ ಮೇಲೆ ಅದರ ಮಹತ್ವ ತಿಳಿಯಿತು. ಈ ತುಣುಕುಗಳಿಗೆ ಮೈಕ್ರೋ ಆರ್.ಎನ್.ಎ. ಎಂದು ಹೆಸರು. ಇಬ್ಬರಿಗೂ 2024ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇನ್ನು ರಕ್ತದ ಅರ್ಬುದದ ಮಾತು. ಬಿಳಿಯ ರಕ್ತಕಣಗಳು ನಿಧಾನವಾಗಿ ಹೆಚ್ಚುತ್ತ ಹೋಗುವ ಒಂದು ಬಗೆಯ ಲ್ಯೂಕೇಮಿಯಾ ಉಂಟು. ಬಹುಮಟ್ಟಿಗೆ ವಯಸ್ಸಾದವರಲ್ಲಿ ಕಾಣುವಂಥದು. ನಮ್ಮ ಪರಿಚಿತರದೂ ಅದೇ. ಈ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರೋಗಗ್ರಸ್ತ ಕಣಗಳಲ್ಲಿ 13ನೆಯ ವರ್ಣತಂತುವಿನ ಒಂದು ತುಂಡು ಲೋಪವಾಗಿರುತ್ತದೆ. ಆ ತುಂಡಿನೊಡನೆ ಯಾವ ವಿಧಿಯು ಕಳೆದುಹೋಗಿ ರೋಗ ಬಂದಿತೆಂದು ಪಂಡಿತರು ವರ್ಷಗಟ್ಟಲೆ ಹುಡುಕಿದರೂ ಸಸಾರಜನಕದ ವಿಧಿಗಳಲ್ಲಿ ಅಪರಾಧಿ ಸಿಗಲಿಲ್ಲ. 2002ರಲ್ಲಿ ಕಾರ್ಲೋ ಕ್ರೋಚೆ, ಜಾರ್ಜ್ ಕಾಲಿನ್ ಮೊದಲಾದವರು ಅಲ್ಲಿ ಎರಡು ಮೈಕ್ರೋ ಆರ್.ಎನ್.ಎ.ಗಳ ಸ್ಥಾನವನ್ನು ಕಂಡರು. ಅವುಗಳ ಸಂಖ್ಯೆ 15 ಮತ್ತು 16. ಹೆಚ್ಚಿನ ರೋಗಿಗಳಲ್ಲಿ ಇವು ಇಲ್ಲವಾಗಿದ್ದುವು, ಇಲ್ಲವೇ ಕಡಿಮೆಯಾಗಿದ್ದುವು. ಮೈಕ್ರೋ ಆರ್.ಎನ್.ಎ.ಗೂ ಅರ್ಬುದಕ್ಕೂ ನಂಟು ಕಂಡುಬಂದುದು ಇಲ್ಲಿಯೇ ಮೊದಲು.

ಇವು ಮಾಡುವ ಕೆಲಸವೇನು? ಮುದಿಯಾದ, ಕೆಟ್ಟ ಜೀವಕಣವು ತಾನಾಗಿ ಸಾಯುವುದು ದೇಹಧರ್ಮ. ಬಿ.ಸಿ.ಎಲ್.2 ಎಂಬ ಸಸಾರಜನಕವು ಆ ಸಾವನ್ನು ತಡೆಯುತ್ತದೆ. 15 ಮತ್ತು 16 ಎಂಬ ತುಣುಕುಗಳು ಬಿ.ಸಿ.ಎಲ್.2ರ ಪ್ರತಿಗೆ ಅಂಟಿ ಅದನ್ನು ಹದ್ದಿನಲ್ಲಿಡುವುವೆಂದು 2005ರಲ್ಲಿ ತಿಳಿದುಬಂದಿತು. ಕಾವಲುಗಾರರು ಹೋದರೆ ಬಿ.ಸಿ.ಎಲ್.2 ಹೆಚ್ಚುತ್ತದೆ, ಸಾಯಬೇಕಾದ ಕಣಗಳು ಸಾಯದೆ ಗುಂಪು ಕೂಡುತ್ತವೆ. ಆ ಸಸಾರಜನಕವನ್ನೇ ಕಟ್ಟಿಹಾಕುವ ವೆನೆಟೋಕ್ಲಾಕ್ಸ್ ಎಂಬ ಮಾತ್ರೆಗೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತು, ಅನೇಕ ರೋಗಿಗಳಿಗೆ ಗುಣ ಕಂಡಿದೆ.

ಕಳೆದುಹೋದ ತುಣುಕನ್ನೇ ಮರಳಿ ಕೊಡಬಾರದೇ ಎಂದು ವಾಚಕರು ಕೇಳಬಹುದು. ಅದನ್ನೂ ಪ್ರಯತ್ನಿಸಿದ್ದಾಯಿತು. 34ನೆಯ ಸಂಖ್ಯೆಯ ಮೈಕ್ರೋ ಆರ್.ಎನ್.ಎ.ಯನ್ನು ಹೋಲುವ ಔಷಧವನ್ನು 2013ರಿಂದ ರೋಗಿಗಳಲ್ಲಿ ಪರೀಕ್ಷಿಸಿದರು. ಕೆಲವರಿಗೆ ತೀವ್ರವಾದ ಅಪಾಯಗಳುಂಟಾದುದರಿಂದ 2016ರಲ್ಲಿ ನಿಲ್ಲಿಸಬೇಕಾಯಿತು. ಒಂದು ತುಣುಕು ಒಂದೇ ವಿಧಿಯನ್ನಲ್ಲದೆ ನೂರಾರು ವಿಧಿಗಳನ್ನು ಮುಟ್ಟಬಲ್ಲದು. ತೊಡಕಿನ ಒಂದು ಮೂಲ ಅದು. 21ನೆಯ ಸಂಖ್ಯೆಯಂಥ ಕೆಲವು ತುಣುಕುಗಳು ಹೆಚ್ಚಾದುದರಿಂದಲೇ ಅರ್ಬುದಕ್ಕೆ ಸಹಾಯವಾಗುವುದೂ ಉಂಟು.

ಈಗ ಆ ತಾಯಿಯ ಪ್ರಶ್ನೆ. ಯಜಮಾನರ ರಕ್ತದಲ್ಲಿ ವೈದ್ಯರಿಗೆ ಕಂಡ ಲೋಪವು ಹುಟ್ಟಿನಿಂದ ಬಂದುದಲ್ಲ. ಅವರ ಆಯುಷ್ಯದಲ್ಲಿ, ಅವರ ರಕ್ತದ ಕಣಗಳಲ್ಲಿ ಮಾತ್ರ ಆದುದು. ಬೀಜದಲ್ಲಿ ಇಲ್ಲದ್ದು ಮಗಳಿಗೆ ಹೋಗಲಾರದು. ಆದರೆ ಅರ್ಧಸತ್ಯವನ್ನು ಹೇಳಬಾರದಷ್ಟೆ. ಈ ರೋಗವು ಹತ್ತಿರದ ರಕ್ತಸಂಬಂಧಿಗಳಲ್ಲಿ ಇತರರಿಗಿಂತ ಹೆಚ್ಚಾಗಿ ಕಾಣುವುದುಂಟು. ಆದರೂ ಅವರಲ್ಲಿ ಬಹುತೇಕರಿಗೆ ಅದು ಎಂದಿಗೂ ಬರುವುದಿಲ್ಲ. ಸ್ತನ, ಅಂಡಾಶಯ ಮೊದಲಾದವುಗಳ ಕೆಲವು ಅರ್ಬುದಗಳಲ್ಲಿ ಜೀನಿನ ದೋಷವು ತಂದೆಯಿಂದಲೋ ತಾಯಿಯಿಂದಲೋ ನೇರವಾಗಿ ಬರುವುದುಂಟು. ಒಟ್ಟು ಅರ್ಬುದಗಳಲ್ಲಿ ಹೀಗೆ ಬರುವಂಥವು ನೂರಕ್ಕೆ 5ರಿಂದ 10 ಎಂದು ಎಣಿಸಲಾಗಿದೆ.

ಆ ತಾಯಿ ಇದನ್ನೆಲ್ಲ ಕಾಗದದಲ್ಲಿ ಬರೆಸಿಕೊಂಡು ಗಂಡಿನ ಮನೆಗೆ ಕಳುಹಿಸಿದರು. ಉತ್ತರ ಬಂದಿಲ್ಲ. ಆ ಲೋಪವೊಂದೇ ಇದ್ದಾಗ ರೋಗವು ಸಾಮಾನ್ಯವಾಗಿ ಮಂದಗತಿಯದೆಂದೂ, ಸದ್ಯಕ್ಕೆ ಔಷಧ ಬೇಡ, ಕಾಲಕಾಲಕ್ಕೆ ರಕ್ತಪರೀಕ್ಷೆ ಸಾಕೆಂದೂ ವೈದ್ಯರು ಹೇಳಿರುವುದರಿಂದ, ಯಜಮಾನರು ಎಂದಿನಂತೆ ಬೆಳಗ್ಗೆ ತೋಟಕ್ಕೆ ಹೋಗಿಬರುತ್ತಿದ್ದಾರೆ.