ಹಳೆಯ ಹೈಬ್ರಿಡ್ ಕಾರೂ ಸವೆದ ಬುಷ್‌ಗಳೂ

ಮೈಸೂರಿನಿಂದ ದಕ್ಷಿಣಕ್ಕೆ ಬರುವ ಹೆದ್ದಾರಿಯು ಗುಂಡ್ಲುಪೇಟೆಯಲ್ಲಿ ಕವಲೊಡೆದು, ಒಂದು ಕವಲು ಮೇಲುಕಾಮನಹಳ್ಳಿಯನ್ನು ದಾಟಿ ಬಂಡೀಪುರದ ಕಾಡಿನೊಳಗಿಂದ ಊಟಿಯತ್ತಲೂ, ಇನ್ನೊಂದು ಮದ್ದೂರು, ಮೂಲೆಹೊಳೆಗಳ ಮೂಲಕ ಸುಲ್ತಾನ್ ಬತ್ತೇರಿಯತ್ತಲೂ ಸಾಗುತ್ತದೆ. ಈ ಎರಡೂ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ನಿರ್ಬಂಧವಿರುವುದು ಎಲ್ಲರಿಗೂ ಗೊತ್ತು. ಹಗಲಿನ ವೇಗಕ್ಕೆ ಕಡಿವಾಣ ಹಾಕಲು ಕಾಡಿನುದ್ದಕ್ಕೂ ನಿರ್ಮಿಸಿರುವ ಹಂಪುಗಳು ಕಾರಿನ ಯಾವ ಭಾಗವನ್ನು ಸವೆಸುತ್ತವೆ ಎಂಬುದರ ಕಡೆಗೆ ಗಮನ ಹರಿಯುವುದು ಕಡಿಮೆ. ಚಾಮರಾಜನಗರದಿಂದ ಹಾಸನೂರಿನ ಮಾರ್ಗವಾಗಿ ಸತ್ಯಮಂಗಲಕ್ಕೆ ಇಳಿಯುವವರಿಗೆ ದಿಂಬಂ ಘಟ್ಟದ 27 ಕಡಿದಾದ ತಿರುವುಗಳು ಎದುರಾಗುತ್ತವೆ. ಜಿಲ್ಲೆಯ ಕರಿಕಲ್ಲು ಕ್ವಾರಿಗಳ ಟಿಪ್ಪರ್‌ಗಳು ಒಳರಸ್ತೆಗಳಲ್ಲಿ ಮಾಡುವ ಗುಂಡಿಗಳು ಬೇರೆ. ಇಂತಹ ರಸ್ತೆಗಳಲ್ಲಿ ಹತ್ತು ಹನ್ನೆರಡು ವರ್ಷ ಓಡಿದ ಕಾರಿನ ಅಡಿಭಾಗದಲ್ಲಿ ಸ್ಪ್ರಿಂಗುಗಳಿಗಿಂತ, ಉಕ್ಕಿನ ತೋಳುಗಳಿಗಿಂತ ಮೊದಲು ಸೋಲುವುದು ಸಾಮಾನ್ಯವಾಗಿ ಆ ತೋಳುಗಳ ಕೀಲಿನಲ್ಲಿ ಕೂರಿಸಿರುವ ರಬ್ಬರಿನ ಬುಷ್‌ಗಳು.

ಚಕ್ರವನ್ನು ಕಾರಿನ ಒಡಲಿಗೆ ಜೋಡಿಸುವ ಸಸ್ಪೆನ್ಷನ್ ವ್ಯವಸ್ಥೆಯಲ್ಲಿ ಸ್ಪ್ರಿಂಗ್ ಭಾರವನ್ನು ಹೊರುತ್ತದೆ, ಶಾಕ್ ಅಬ್ಸಾರ್ಬರ್ ಸ್ಪ್ರಿಂಗಿನ ಕುಣಿತವನ್ನು ಅಡಗಿಸುತ್ತದೆ, ಗ್ಯಾರೇಜುಗಳಲ್ಲಿ ಲೋಯರ್ ಆರ್ಮ್ ಎನ್ನುವ ಕೆಳತೋಳು ಚಕ್ರವನ್ನು ಹಿಂದೆ ಮುಂದೆ ಸರಿಯಗೊಡದೆ ಮೇಲೆ ಕೆಳಗೆ ಆಡಲು ಬಿಡುತ್ತದೆ. ಈ ತೋಳು ಒಡಲನ್ನು ಸೇರುವ ಕಡೆ, ಒಂದರೊಳಗೊಂದು ಇರುವ ಎರಡು ಲೋಹದ ಕೊಳವೆಗಳ ನಡುವೆ ರಬ್ಬರನ್ನು ತುಂಬಿ ಎರಡಕ್ಕೂ ಬೆಸೆದಿರುವ ತುಂಡೇ ಬುಷ್. ಒಳಕೊಳವೆಯನ್ನು ಬೋಲ್ಟು ಒಡಲಿಗೆ ಬಿಗಿದಿರುತ್ತದೆ, ಹೊರಕೊಳವೆ ತೋಳಿನ ಕಣ್ಣಿನಲ್ಲಿ ಗಟ್ಟಿಯಾಗಿ ಕುಳಿತಿರುತ್ತದೆ. ಹಾಗಾಗಿ ತೋಳು ಆಡುವಾಗ ಲೋಹಕ್ಕೆ ಲೋಹ ಉಜ್ಜುವುದಿಲ್ಲ, ನಡುವಿನ ರಬ್ಬರ್ ಮಾತ್ರ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಹಸಿ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಿಧಾನವನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದರಿಂದಲೇ ಇಂತಹ ಬಳಕೆ ಸಾಧ್ಯವಾಯಿತಾದರೂ, ಗಾಳಿಯ ಆಮ್ಲಜನಕ ಮತ್ತು ಓಝೋನ್, ಎಂಜಿನ್ನಿನ ಶಾಖ, ಸೋರುವ ಎಣ್ಣೆ ಇವುಗಳೆಲ್ಲ ಸೇರಿ ಆ ರಬ್ಬರನ್ನು ಕ್ರಮೇಣ ಕೆಡಿಸುತ್ತವೆ. ಕಡಿಮೆ ಓಡಿದ ಕಾರು ಎಂಬ ಹೆಗ್ಗಳಿಕೆ ಬುಷ್‌ಗಳ ವಿಷಯದಲ್ಲಿ ಅರ್ಧ ಮಾತ್ರ ನಿಜ, ಏಕೆಂದರೆ ಶೆಡ್ಡಿನಲ್ಲಿ ನಿಂತ ಕಾರಿನ ರಬ್ಬರಿಗೂ ವಯಸ್ಸಾಗುತ್ತದೆ.

ಎಂಜಿನ್ನಿಗೆ ವಿದ್ಯುತ್ ಮೋಟರಿನ ನೆರವೂ ಇರುವ ಹೈಬ್ರಿಡ್ ಕಾರುಗಳ ಪೈಕಿ ಹೋಂಡಾ ಸಿವಿಕ್ ಹೈಬ್ರಿಡ್ 2008ರಲ್ಲಿ, ಟೊಯೊಟಾ ಪ್ರಿಯಸ್ 2010ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. 2013ರಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕ್ಯಾಮ್ರಿ ಹೈಬ್ರಿಡ್ಡಿನ ಜೋಡಣೆ ಆರಂಭವಾಯಿತು. 2015ರಲ್ಲಿ ಮಾರುತಿಯ ಸಿಯಾಝ್ ಮತ್ತು ಎರ್ಟಿಗಾಗಳ ಡೀಸೆಲ್ ಮಾದರಿಗಳು ಎಸ್‌ಎಚ್‌ವಿಎಸ್ ಎಂಬ ಹೆಸರಿನ ಅಲ್ಪ ಹೈಬ್ರಿಡ್ ರೂಪ ತಾಳಿದವು. ಖಾಸಗಿ ಕಾರಿನ ನೋಂದಣಿಯ 15 ವರ್ಷದ ಅವಧಿಯನ್ನು ಇವುಗಳಲ್ಲಿ ಮೊದಲ ತಂಡ ಆಗಲೇ ಮುಟ್ಟಿದೆ, ಉಳಿದವು ಅದರತ್ತ ಸಾಗುತ್ತಿವೆ. ಅವಧಿ ಮುಗಿದ ಮೇಲೆ ನೋಂದಣಿ ನವೀಕರಣಕ್ಕೆ ಸಾರಿಗೆ ಕಚೇರಿಯ ಅರ್ಹತಾ ಪರೀಕ್ಷೆ ಬೇಕಾಗುವುದರಿಂದ, ಚಾಮರಾಜನಗರದ ಕೆಎ-10 ಫಲಕದ ಕಾರಿಗೂ ಅಡಿಭಾಗದ ಆರೋಗ್ಯ ಕೇವಲ ಸುಖದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಇಂತಹ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುವವರು ಬ್ಯಾಟರಿಯ ಆಯಸ್ಸನ್ನು ಕೇಳದೆ ಬಿಡುವುದಿಲ್ಲ, ಬುಷ್‌ಗಳನ್ನು ವಿಚಾರಿಸುವುದು ಅಪರೂಪ. ಬ್ರೇಕ್ ಒತ್ತಿದಾಗ ಮೋಟರು ಜನರೇಟರಾಗಿ ಚಕ್ರದ ಓಟವನ್ನು ತಡೆದು ಬ್ಯಾಟರಿಗೆ ವಿದ್ಯುತ್ ತುಂಬುತ್ತದೆಯಾದ್ದರಿಂದ ಹೈಬ್ರಿಡ್ಡಿನ ಬುಷ್‌ಗಳು ಬೇಗ ಹೋಗುತ್ತವೆ ಎಂದು ಯಾರಾದರೂ ತರ್ಕಿಸಬಹುದು. ಅದರಲ್ಲಿ ಹುರುಳು ಕಡಿಮೆ, ಏಕೆಂದರೆ ಚಕ್ರದ ಮೇಲೆ ಬೀಳುವ ಹಿಂದುಮುಂದಿನ ಎಳೆತವನ್ನು ನಿರ್ಧರಿಸುವುದು ಕಾರಿನ ತೂಕವೂ ವೇಗ ಇಳಿಯುವ ತೀವ್ರತೆಯೂ ಹೊರತು, ಆ ವೇಗವನ್ನು ಇಳಿಸಿದ್ದು ಬ್ರೇಕ್ ಪ್ಯಾಡೇ ಮೋಟರೇ ಎಂಬುದಲ್ಲ. ನಿಜವಾದ ವ್ಯತ್ಯಾಸವೆಂದರೆ ಬ್ಯಾಟರಿ, ಮೋಟರುಗಳ ಹೆಚ್ಚಿನ ತೂಕ, ಮತ್ತು ನಿಶ್ಶಬ್ದ. ಕ್ಯಾಮ್ರಿಯಂತಹ ಕಾರು ಎಂಜಿನ್ ನಿಲ್ಲಿಸಿ ಮೋಟರಿನ ಬಲದಲ್ಲೇ ಹಂಪನ್ನು ಹತ್ತಿಳಿಯುವಾಗ, ಬೇರೆ ಕಾರಿನಲ್ಲಿ ಎಂಜಿನ್ನಿನ ಸದ್ದಿನಡಿ ಅಡಗಿಹೋಗುವ ಕಿರುಗುಟ್ಟುವಿಕೆ ಇಲ್ಲಿ ನಿಚ್ಚಳವಾಗಿ ಕೇಳುತ್ತದೆ. ರೋಗ ಬೇಗ ಪತ್ತೆಯಾಗುವುದರಿಂದ ಇದನ್ನು ಅನುಕೂಲವೆಂದೇ ಎಣಿಸಬೇಕು.

ಗುಂಡಿಗೆ ಇಳಿದಾಗ ಟಕ್ಕೆನ್ನುವ ಸದ್ದು, ಬ್ರೇಕ್ ಒತ್ತಿದಾಗ ಒಂದು ಬದಿಗೆ ಎಳೆಯುವ ಸ್ಟೀರಿಂಗ್, ಒಂದೇ ಅಂಚಿನಲ್ಲಿ ಸವೆಯುವ ಟೈರು ಇವು ಬುಷ್ ಸವೆತದ ಸಾಮಾನ್ಯ ಲಕ್ಷಣಗಳಾದರೂ, ಲಿಂಕ್ ರಾಡ್, ತೋಳಿನ ಹೊರತುದಿಯನ್ನು ಚಕ್ರದ ಕಡೆಗೆ ಸೇರಿಸುವ ಬಾಲ್ ಜಾಯಿಂಟ್, ಎಂಜಿನ್ ಮೌಂಟ್‌ಗಳೂ ಹೆಚ್ಚುಕಡಿಮೆ ಇದೇ ದೂರನ್ನು ಹುಟ್ಟಿಸಬಲ್ಲವು. ಆದ್ದರಿಂದ ಅನುಭವಿ ಮೆಕ್ಯಾನಿಕ್ ಕಾರನ್ನು ಎತ್ತಿ ನಿಲ್ಲಿಸಿ, ತೋಳಿನ ಬುಡಕ್ಕೆ ಸನ್ನೆಗೋಲು ಕೊಟ್ಟು ಮೀಟಿ, ರಬ್ಬರ್ ಕೊಳವೆಯಿಂದ ಕಿತ್ತುಬಂದಿದೆಯೇ ಎಂದು ಪರೀಕ್ಷಿಸುತ್ತಾನೆ. ಮೇಲ್ಮೈಯಲ್ಲಿ ಕಾಣುವ ಸಣ್ಣ ಗೆರೆಬಿರುಕುಗಳು ಬದಲಾವಣೆಗೆ ಕಾರಣವಲ್ಲ. ಕೆಲವು ಬುಷ್‌ಗಳ ರಬ್ಬರಿನಲ್ಲಿ ಮೆದುತನಕ್ಕಾಗಿ ತಯಾರಕರೇ ಬಿಟ್ಟಿರುವ ಕಿಂಡಿಗಳನ್ನು ಹರಿದಿದೆಯೆಂದು ತೋರಿಸಿ ಹೊಸದನ್ನು ಮಾರುವುದೂ ಉಂಟು.

ಕೆಲಸಕ್ಕೆ ಇಳಿಯುವಾಗ ಹೈಬ್ರಿಡ್ಡಿಗೆ ಬೇಕಾದ ವಿಶೇಷ ಎಚ್ಚರ ಸ್ವಲ್ಪವೇ, ಆದರೆ ಅದನ್ನು ಬಿಡುವಂತಿಲ್ಲ. ಎಂಜಿನ್ ನಿಂತಿದ್ದರೂ ಕಾರು ಚಾಲೂ ಸ್ಥಿತಿಯಲ್ಲಿದ್ದರೆ ಅದು ತಾನಾಗಿಯೇ ಎಂಜಿನ್ ಆರಂಭಿಸಬಹುದು, ಆದ್ದರಿಂದ ಸ್ವಿಚ್ ಆರಿಸಿ ಕೀಲಿಯನ್ನು ದೂರವಿಡಬೇಕು. ಸುಮಾರು 245 ವೋಲ್ಟಿನ ಬ್ಯಾಟರಿಯುಳ್ಳ ಕ್ಯಾಮ್ರಿಯಲ್ಲಿ ಆ ವಿದ್ಯುತ್ತನ್ನು ಒಯ್ಯುವ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟದೆ, ತಯಾರಕರು ಗುರುತಿಸಿದ ಜಾಗದಲ್ಲಷ್ಟೇ ಜಾಕ್ ಕೊಡಬೇಕು; 2015ರ ಡೀಸೆಲ್ ಸಿಯಾಝ್‌ನದು 12 ವೋಲ್ಟಿನ ವ್ಯವಸ್ಥೆಯಾದ್ದರಿಂದ ಅಲ್ಲಿ ಈ ಭಯವಿಲ್ಲ. ಉಳಿದದ್ದೆಲ್ಲ ಯಾವ ಕಾರಿಗೂ ಹೊಂದುವ ಕಸಬು. ಬಿಚ್ಚಿದ ತೋಳಿನಿಂದ ಹಳೆಯ ಬುಷ್ಷನ್ನು ಸುತ್ತಿಗೆಯಿಂದ ಬಡಿದೋ ಗ್ಯಾಸಿನಿಂದ ಸುಟ್ಟೋ ತೆಗೆಯದೆ, ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿ ಹೊರಡಿಸಬೇಕು. ಹೊಸದನ್ನು ಕಿಂಡಿಯ ದಿಕ್ಕು ಹಳೆಯದರಂತೆಯೇ ಬರುವ ಹಾಗೆ ಗುರುತು ಮಾಡಿ ಕೂರಿಸಬೇಕು. ಜಾರಿಕೆ ಬೇಕಾದರೆ ಸೋಪಿನ ನೀರನ್ನು ಬಳಸಬೇಕೇ ಹೊರತು ಎಂಜಿನ್ ಆಯಿಲನ್ನಲ್ಲ, ಏಕೆಂದರೆ ಖನಿಜ ತೈಲ ತಗುಲಿದ ಸಹಜ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಬಹಳಷ್ಟು ಗ್ಯಾರೇಜುಗಳು ಎಡವುವುದು ಕೊನೆಯ ಬೋಲ್ಟಿನಲ್ಲಿ. ಕಾರು ಇನ್ನೂ ಎತ್ತರದಲ್ಲಿದ್ದು ಚಕ್ರ ಜೋತುಬಿದ್ದಿರುವಾಗಲೇ ಒಳಕೊಳವೆಯ ಬೋಲ್ಟನ್ನು ಪೂರ್ತಿ ಬಿಗಿದರೆ, ಕಾರು ನೆಲಕ್ಕಿಳಿದ ಕೂಡಲೇ ತೋಳು ಮೇಲೇರಿ ರಬ್ಬರ್ ತಿರುಚಿಕೊಳ್ಳುತ್ತದೆ, ಮತ್ತು ನಿಂತಲ್ಲೂ ಅದೇ ಬಿಗುವಿನಲ್ಲಿರುವ ಆ ರಬ್ಬರ್ ಮುಂದಿನ ಪ್ರತಿ ಹಂಪಿನಲ್ಲಿ ತನ್ನ ಮಿತಿಯನ್ನು ಮೀರಿ ತಿರುಚಿ, ವರ್ಷಗಟ್ಟಲೆ ಬಾಳಬೇಕಾದದ್ದು ಕೆಲವೇ ತಿಂಗಳಲ್ಲಿ ಹರಿಯಬಹುದು. ಬೋಲ್ಟನ್ನು ಮೊದಲು ಸಡಿಲವಾಗಿ ಕೂರಿಸಿ, ಕಾರಿನ ಭಾರವನ್ನು ಚಕ್ರಗಳ ಮೇಲೆ ಬಿಟ್ಟು, ಆ ಸಹಜ ಎತ್ತರದಲ್ಲಿ ತಯಾರಕರು ಹೇಳಿದಷ್ಟು ಬಲದಿಂದ ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿಯುವುದೇ ಸರಿಯಾದ ಕ್ರಮ. ಹೊಸ ಬುಷ್ ಬೇಗ ಕೆಟ್ಟಾಗ ಡೂಪ್ಲಿಕೇಟ್ ಮಾಲಿನ ಮೇಲೆ ಹಾಕುವ ಆರೋಪದಲ್ಲಿ ಒಂದು ಪಾಲು ಈ ಆತುರಕ್ಕೂ ಸಲ್ಲಬೇಕು.

ರಬ್ಬರಿನ ಬದಲು ಪಾಲಿಯುರೆಥೇನ್ ಎಂಬ ಗಡುಸಾದ ಪ್ಲಾಸ್ಟಿಕ್ಕಿನ ಬುಷ್‌ಗಳೂ ಸಿಗುತ್ತವೆ. ಅವು ಹೆಚ್ಚು ಬಾಳಿದರೂ ರಸ್ತೆಯ ಅದುರನ್ನು ಒಡಲಿಗೆ ದಾಟಿಸುವುದರಿಂದ, ನಿಶ್ಶಬ್ದಕ್ಕಾಗಿ ಕೊಂಡ ಕಾರಿಗೆ ಅಷ್ಟಾಗಿ ಒಗ್ಗುವುದಿಲ್ಲ. ಬಾಲ್ ಜಾಯಿಂಟೂ ಸಡಿಲಗೊಂಡು ಅದು ತೋಳಿನಿಂದ ಬೇರ್ಪಡದ ಮಾದರಿಯಾಗಿದ್ದರೆ ಬುಷ್ ಒಂದನ್ನೇ ಬದಲಿಸುವುದು ಹುಸಿ ಉಳಿತಾಯ, ಇಡೀ ತೋಳನ್ನೇ ಹಾಕಿಸುವುದು ಮೇಲು. ಎಡಬಲ ಎರಡನ್ನೂ ಒಟ್ಟಿಗೆ ಬದಲಿಸದಿದ್ದರೆ ಬ್ರೇಕಿನಲ್ಲಿ ಎಳೆತ ಉಳಿದೀತು.

ತೋಳನ್ನು ಬಿಚ್ಚಿ ಕೂರಿಸಿದ ಮೇಲೆ ಚಕ್ರದ ಕೋನಗಳು ಬದಲಾಗಿರುವುದರಿಂದ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು; ಸವೆದ ಬುಷ್ ಇರುವಾಗಲೇ ಮಾಡಿಸಿದ ಅಲೈನ್‌ಮೆಂಟ್ ಕಾರು ಮುಂದಿನ ಗುಂಡಿಯನ್ನು ದಾಟುವವರೆಗೂ ನಿಲ್ಲುವ ಭರವಸೆಯಿಲ್ಲ. ಇಷ್ಟಾದ ಮೇಲೂ ಕಾರಿನ ಕೆಳಗಿನಿಂದ ಗುಂಯ್ಗುಡುವ ಸದ್ದು ಕೆಲಕಾಲ ಮುಂದುವರಿಯಬಹುದು. ಅದು ಹಳೆಯ ಬುಷ್‌ಗಳ ಕಾಲದಲ್ಲಿ ಓರೆಯಾಗಿ ಸವೆದ ಟೈರಿನ ಸದ್ದು. ಹಿಂದಿನ ಟೈರುಗಳನ್ನು ಮುಂದಕ್ಕೆ ಹಾಕಿ ನೋಡಿದರೆ ಸದ್ದು ಬರುವ ಜಾಗ ಬದಲಾಗುವುದರಿಂದ ಗುಟ್ಟು ಬಯಲಾಗುತ್ತದೆ, ಹೊಸ ಬುಷ್‌ಗಳನ್ನು ಮತ್ತೆ ಬಿಚ್ಚಿಸುವ ಅಗತ್ಯ ಬೀಳುವುದಿಲ್ಲ.