ನ್ಯೂರಾನ್: ಬಿಲ್ಲಿನ ಹೆದೆಯ ನೆಂಟ

ವಿಜಯಪುರ ಸೀಮೆಯ ಜೈನಾಪುರದ ಕಡೆ ಸಲೈನ್ ಹಚ್ಚುವಾಗ ಕೇಳಿಬರುವ ಮಾತೊಂದಿದೆ: “ನರಾ ಸಿಗವಲ್ದು, ಮುಷ್ಟಿ ಬಿಗಿ ಹಿಡೀರಿ.” ಸೂಜಿ ಇಳಿಯುವುದು ರಕ್ತನಾಳಕ್ಕೆ. ಚೀಲ ಹೊತ್ತು ಕುತ್ತಿಗೆ ಹೊರಳದಿದ್ದರೆ ‘ನರಾ ಹಿಡದೈತಿ’; ಅಲ್ಲಿ ಬಿಗಿದದ್ದು ಸ್ನಾಯು. ಸೊಂಟದಿಂದ ಹಿಮ್ಮಡಿಯತನಕ ಜುಮುಗುಟ್ಟಿದರೂ ನರವೇ. ವೈದ್ಯರು ಮೂರು ಮಾಡಿದ್ದನ್ನು ಊರಿನವರು ಒಂದೇ ಪದದಲ್ಲಿ ಮುಗಿಸುತ್ತಾರೆ.

ಇದನ್ನು ಅಜ್ಞಾನ ಎನ್ನುವ ಮುಂಚೆ ಗ್ರೀಕರ ಕಡೆ ನೋಡಬೇಕು. ಅವರಿಗೂ ‘ನ್ಯೂರಾನ್’ ಎಂದರೆ ಮೊದಲು ಮಾಂಸವನ್ನು ಎಲುಬಿಗೆ ಕಟ್ಟುವ ಗಟ್ಟಿ ಹುರಿ. ಪ್ರಾಣಿಗಳ ಆ ಹುರಿಯಿಂದಲೇ ಬಿಲ್ಲಿಗೆ ಹೆದೆ ಕಟ್ಟುತ್ತಿದ್ದರು. ಹೆದೆಗೂ ಅದೇ ಬೇರಿನ ಹೆಸರು. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೆರೋಫಿಲಸ್ ಶವ ಕೊಯ್ದು, ಮಿದುಳಿಗೆ ಸೇರುವ ಎಳೆಗಳೇ ಬೇರೆ ಎಂದು ತೋರಿಸಿದ. ಎಳೆ ಬೇರೆಯಾಯಿತು, ಹೆಸರು ಹಳೆಯದೇ ಉಳಿಯಿತು. ನಮ್ಮಲ್ಲೂ ಹಾಗೆಯೇ: ಕನ್ನಡದ ‘ನರ’ಕ್ಕೆ ಒಡಹುಟ್ಟಾದ ತಮಿಳಿನ ‘ನರಂಬು’ ಯಾಳ್ ವಾದ್ಯದ ತಂತಿಗೂ ಹೆಸರು.

1873ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿ ಬೆಳ್ಳಿಯ ಲವಣದಿಂದ ಮಿದುಳಿನ ಚೂರುಗಳಿಗೆ ಬಣ್ಣ ಕಟ್ಟುವ ವಿಧಾನ ಕಂಡುಕೊಂಡರು. ಹಳದಿ ಹಿನ್ನೆಲೆಯಲ್ಲಿ ಕೆಲವೇ ಕೋಶಗಳು, ಬೇರು ಕೊಂಬೆ ಸಮೇತ, ಕಪ್ಪಗೆ ಎದ್ದು ಕಂಡವು. ಅದೇ ವಿಧಾನ ಹಿಡಿದ ಸ್ಪೇನಿನ ರಾಮೋನ್ ಇ ಕಹಾಲ್, ಪ್ರತಿ ಕೋಶವೂ ಬಿಡಿ ಘಟಕ ಎಂದರು. ಇಡೀ ಜಾಲ ಒಂದೇ ಎಂಬುದು ಗಾಲ್ಜಿಯವರ ಪಟ್ಟು.

ಹೆಸರಿಟ್ಟವರು ಇವರಿಬ್ಬರೂ ಅಲ್ಲ. 1891ರಲ್ಲಿ ಬರ್ಲಿನ್ನಿನ ಅಂಗರಚನಾ ಪ್ರಾಧ್ಯಾಪಕ ವಿಲ್ಹೆಲ್ಮ್ ವಾಲ್ಡೆಯರ್, ಇತರರ ಶೋಧಗಳನ್ನು ಒಟ್ಟುಗೂಡಿಸಿ ಬರೆಯುತ್ತ, ಈ ಬಿಡಿ ಘಟಕವನ್ನು ‘ನ್ಯೂರಾನ್’ ಎಂದು ಕರೆದರು. ಹೆಸರಿಡುವುದರಲ್ಲಿ ಕೈ ಪಳಗಿದ ಮನುಷ್ಯ. ‘ಕ್ರೋಮೊಸೋಮ್’ ಕೂಡ 1888ರಲ್ಲಿ ಅವರೇ ಇಟ್ಟದ್ದು. 1906ರ ನೊಬೆಲ್ ಗಾಲ್ಜಿ, ಕಹಾಲ್ ಇಬ್ಬರಿಗೂ ಸಂದಿತು. ಬಹುಮಾನ ಪಡೆದ ಭಾಷಣದಲ್ಲೇ ಗಾಲ್ಜಿ ನ್ಯೂರಾನ್ ಸಿದ್ಧಾಂತವನ್ನು ತಳ್ಳಿಹಾಕಿದರು!

ಇಲ್ಲೊಂದು ತಮಾಷೆ. ಗ್ರೀಕ್ ನ್ಯೂರಾನ್‌ಗೆ ಬಳ್ಳಿ ಸಂಬಂಧವಿರುವುದು ಸಂಸ್ಕೃತದ ‘ಸ್ನಾಯು’ವಿಗೆ, ಎರಡೂ ಒಂದೇ ಮೂಲದವು. ಬಂಗಾಳಿಯಲ್ಲಿ ಸ್ನಾಯು ಎಂದರೆ ಇಂದಿಗೂ ನರ. ಕನ್ನಡದಲ್ಲಿ, ವಿಜಯಪುರದ ಗಡಿ ದಾಟಿದರೆ ಮರಾಠಿಯಲ್ಲೂ, ಅದು ಮಾಂಸಖಂಡ.

ನಮ್ಮ ಪಠ್ಯಪುಸ್ತಕಗಳು ನ್ಯೂರಾನ್‌ಗೆ ‘ನರಕೋಶ’ ಎಂದವು. ಕೋಶ ಎಂದೊಡನೆ ಗುಂಡಗಿನ ಗೂಡು ಕಣ್ಣಿಗೆ ಬರುತ್ತದೆ. ಆದರೆ ಬೆನ್ನುಹುರಿಯ ಕೆಳತುದಿಯಿಂದ ಪಾದಕ್ಕೆ ಹೋಗುವ ಒಂದೇ ನರಕೋಶದ ಎಳೆ ಸುಮಾರು 1 ಮೀಟರ್. ಕೋಶದ ಒಡಲು ಹೆಚ್ಚೆಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಮಿಕ್ಕದ್ದೆಲ್ಲ ಹುರಿಯೇ.