ಸಂದುವಾತ ಮರುಕಳಿಸಿದಾಗ: ಸ್ಟೆರಾಯ್ಡ್ ಇಳಿಸುವ ಲೆಕ್ಕ

ಕೃಷ್ಣಾ ದಂಡೆಯ ಅಂಕಲಿಯವರಿಗೆ ದೊಡ್ಡಾಸ್ಪತ್ರೆಯ ದಾರಿ ಎರಡು. ಒಂದು ಗಡಿಯಾಚೆಯ ಮಿರಜಕ್ಕೆ. ಅಲ್ಲಿನ ವಾನ್‌ಲೆಸ್ ಮಿಷನ್ ಆಸ್ಪತ್ರೆ 1894ರಲ್ಲಿ ಶುರುವಾದದ್ದು. ಇನ್ನೊಂದು ಬೆಳಗಾವಿಗೆ. ಅಲ್ಲಿನ ಕೆಎಲ್‌ಇ ಆಸ್ಪತ್ರೆಗೆ ಇದೇ ಅಂಕಲಿಯ ಪ್ರಭಾಕರ ಕೋರೆ ಅವರ ಹೆಸರಿದೆ. ವರ್ಷಗಟ್ಟಲೆ ಕಾಡುವ ಸಂದುವಾತದವರು ಎರಡೂ ಕಡೆ ತೋರಿಸಿರುತ್ತಾರೆ, ನಡುವೆ ಊರಲ್ಲೇ ಇಂಜೆಕ್ಷನ್ ಹಾಕಿಸಿಕೊಂಡಿರುತ್ತಾರೆ. ಫೈಲುಗಳು ಬೇರೆ ಬೇರೆ, ಮೈ ಮಾತ್ರ ಒಂದೇ. ಸ್ಟೆರಾಯ್ಡ್ ಲೆಕ್ಕ ತಪ್ಪುವುದು ಇಲ್ಲಿಯೇ.

ಬಾವು ಮರಳಿದಾಗ

ಬೇನೆ ಹತೋಟಿಗೆ ಬಂದು ತಿಂಗಳುಗಳೇ ಕಳೆದಿರುತ್ತವೆ. ‘ಈಗ ಆರಾಮ ಅದೀನಿ’ ಎಂದು ಗುಳಿಗೆ ಬಿಟ್ಟವರಿಗೆ, ಕೆಲವೊಮ್ಮೆ ಬಿಡದವರಿಗೂ, ಒಂದು ಮುಂಜಾನೆ ಬೆರಳ ಗಂಟುಗಳು ಊದಿ ಮುಷ್ಟಿ ಕಟ್ಟಲು ಬರುವುದಿಲ್ಲ. ಆಗ ವೈದ್ಯರು ಸ್ವಲ್ಪ ಕಾಲಕ್ಕೆ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಬರೆಯುವುದುಂಟು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಸಂದುವಾತದ ಮಹಿಳೆಯೊಬ್ಬರಿಗೆ ಇದೇ ಬಗೆಯ ಕಾರ್ಟಿಸೋನ್ ಚುಚ್ಚಿದಾಗ, ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. 1950ರಲ್ಲಿ ಹೆಂಚ್‌ಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಆದರೆ ಔಷಧ ನಿಲ್ಲಿಸಿದೊಡನೆ ಬೇನೆ ಮರಳುತ್ತದೆ, ಮುಂದುವರಿಸಿದರೆ ಅಡ್ಡಪರಿಣಾಮ ಬಿಡುವುದಿಲ್ಲ ಎಂಬುದೂ ಬೇಗನೆ ತಿಳಿಯಿತು.

ಥಟ್ಟನೆ ಬಿಟ್ಟರೆ ಏನಾಗುತ್ತದೆ?

ಮೂತ್ರಪಿಂಡಗಳ ನೆತ್ತಿಯ ಮೇಲಿನ ಅಡ್ರಿನಲ್ ಗ್ರಂಥಿಗಳು ದಿನಕ್ಕೆ ಸುಮಾರು 5 ಮಿ.ಗ್ರಾಂ. ಪ್ರೆಡ್ನಿಸೊಲೋನ್‌ಗೆ ಸಮನಾದ ಕಾರ್ಟಿಸಾಲ್ ತಯಾರಿಸುತ್ತವೆ. ಹೊರಗಿನಿಂದ ಸ್ಟೆರಾಯ್ಡ್ ಬರುತ್ತಿದ್ದರೆ ಮಿದುಳು ಈ ಗ್ರಂಥಿಗಳಿಗೆ ಕೆಲಸ ಹೇಳುವುದನ್ನೇ ಬಿಡುತ್ತದೆ. ಮೂರು-ನಾಲ್ಕು ವಾರ ಮೀರಿ ಸೇವಿಸಿದವರಲ್ಲಿ ಗ್ರಂಥಿಗಳು ಮಂಕಾಗಿರಬಹುದು. ಆಗ ಒಮ್ಮೆಲೇ ಬಿಟ್ಟರೆ ವಾಂತಿ, ರಕ್ತದೊತ್ತಡ ಕುಸಿತ, ಪ್ರಜ್ಞೆ ತಪ್ಪುವವರೆಗೂ ಹೋಗಬಹುದು.

ಮೆಟ್ಟಿಲಿಳಿದಂತೆ

ದಾರಿ ಗೊತ್ತಾಗಲೆಂದು ಒಂದು ಉದಾಹರಣೆ: 15 ಮಿ.ಗ್ರಾಂ.ನಿಂದ ಎರಡೆರಡು ವಾರಕ್ಕೆ 12.5, 10, 7.5, 5. ಅದಕ್ಕಿಂತ ಕೆಳಗೆ ಇನ್ನೂ ಸಣ್ಣ ಹೆಜ್ಜೆ, ತಿಂಗಳಿಗೆ ಸುಮಾರು ಒಂದು ಮಿ.ಗ್ರಾಂ. ಯಾರಿಗೆ ಎಷ್ಟು ಎಂಬುದನ್ನು ವೈದ್ಯರೇ ಗೊತ್ತುಮಾಡಬೇಕು. ಇಳಿಸುವಾಗ ಬಾವು ಮರಳಿದರೆ ಸಾಮಾನ್ಯವಾಗಿ ಹಿಂದೆ ಹಿತವಾಗಿದ್ದ ಪ್ರಮಾಣಕ್ಕೆ ಏರಿಸಿ, ಬೇನೆ ತಣಿದ ಮೇಲೆ ಇನ್ನೂ ನಿಧಾನವಾಗಿ ಇಳಿಸುತ್ತಾರೆ. ಗುಳಿಗೆಯನ್ನು ಮುಂಜಾನೆ ತಿಂಡಿಯ ನಂತರ ತೆಗೆದುಕೊಳ್ಳುವುದು ಒಳ್ಳೆಯದು. ಮೈಯ ಸ್ವಂತ ಕಾರ್ಟಿಸಾಲ್ ಏರುವುದೂ ಆಗಲೇ.

ಈ ಇಳಿತಕ್ಕೆ ಆಸರೆ ಸಂದುವಾತವನ್ನೇ ಹತ್ತಿಕ್ಕುವ ಬೇರೆ ಔಷಧಗಳದ್ದು. ಮೆಥೊಟ್ರೆಕ್ಸೇಟ್ ಪರಿಣಾಮ ತೋರಲು ಆರರಿಂದ ಹನ್ನೆರಡು ವಾರ ಬೇಕು, ಸ್ಟೆರಾಯ್ಡ್ ಅಷ್ಟು ಕಾಲದ ಬಿಡುವು ಕೊಡುತ್ತದೆ, ಅಷ್ಟೇ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯ ಗುಳಿಗೆ. ದಿನಾ ನುಂಗಿ ಜೀವಕ್ಕೇ ಕುತ್ತು ತಂದುಕೊಂಡವರಿದ್ದಾರೆ. ನಿಪ್ಪಾಣಿ ತಂಬಾಕಿನ ನಾಡಿನವರು ಇದನ್ನೂ ನೆನಪಿಡಬೇಕು: ಬೀಡಿ ಸೇದುವವರಲ್ಲಿ ಸಂದುವಾತ ಹೆಚ್ಚು ಉಲ್ಬಣಿಸುತ್ತದೆ.

ಈ ನೋವು ಯಾವುದರದು?

ಸ್ಟೆರಾಯ್ಡ್ ಇಳಿಸುವಾಗ ಗಂಟು ಊದಿ ಬೆಚ್ಚಗಾಗಿ, ಮುಂಜಾನೆಯ ಬಿಗಿತ ತಾಸು ಮೀರಿದರೆ, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಏರಿದರೆ ಬೇನೆಯೇ ಮರಳಿದೆ ಎಂಬ ಗುಮಾನಿ. ಊತವಿಲ್ಲದೆ ಮೈಕೈ ನೋವು, ನಿಶ್ಶಕ್ತಿ, ಹಸಿವಿಲ್ಲದಿರುವುದು, ಎದ್ದಾಗ ಕಣ್ಣು ಕತ್ತಲೆ ಬರುವುದು ಇದ್ದರೆ ಅಡ್ರಿನಲ್ ಗ್ರಂಥಿ ಇನ್ನೂ ಚೇತರಿಸಿಕೊಂಡಿಲ್ಲದಿರಬಹುದು. ಎರಡಕ್ಕೂ ಚಿಕಿತ್ಸೆ ಬೇರೆ. ಮುಂಜಾನೆಯ ಕಾರ್ಟಿಸಾಲ್ ಪರೀಕ್ಷೆ ಇಲ್ಲಿ ನೆರವಾಗುತ್ತದೆ.

ಜೇಬಿನಲ್ಲೊಂದು ಚೀಟಿ

ಒಬ್ಬ ವೈದ್ಯರು ವೈಸೊಲೋನ್ (ಪ್ರೆಡ್ನಿಸೊಲೋನ್) ಬರೆದಿರುತ್ತಾರೆ, ಇನ್ನೊಬ್ಬರು ಮೆಡ್ರಾಲ್ (ಮೀಥೈಲ್ ಪ್ರೆಡ್ನಿಸೊಲೋನ್). ಎರಡೂ ಸ್ಟೆರಾಯ್ಡೇ. 5 ಮಿ.ಗ್ರಾಂ. ಪ್ರೆಡ್ನಿಸೊಲೋನ್ 4 ಮಿ.ಗ್ರಾಂ. ಮೀಥೈಲ್ ಪ್ರೆಡ್ನಿಸೊಲೋನ್‌ಗೆ, 6 ಮಿ.ಗ್ರಾಂ. ಡೆಫ್ಲಜಕಾರ್ಟ್‌ಗೆ ಸಮ. ಹೆಸರು ಬೇರೆಯೆಂದು ಎರಡನ್ನೂ ನುಂಗಿದರೆ ಪ್ರಮಾಣ ಇಮ್ಮಡಿ. ಲೇಬಲ್ ಇಲ್ಲದ ‘ಸಂದುನೋವಿನ ಪುಡಿ’ಗಳಲ್ಲೂ ಸ್ಟೆರಾಯ್ಡ್ ಬೆರೆತಿರುವುದುಂಟು. ಹಾಗಾಗಿ ಗುಳಿಗೆಯ ಹೆಸರು, ಮಿ.ಗ್ರಾಂ., ಶುರುಮಾಡಿದ ತಾರೀಕು, ಇಳಿಸಿದ ತಾರೀಕುಗಳು, ಹಾಕಿಸಿಕೊಂಡ ಇಂಜೆಕ್ಷನ್, ಇಷ್ಟನ್ನು ಒಂದೇ ಚೀಟಿಯಲ್ಲಿ ಬರೆದು ಮಿರಜಕ್ಕೂ ಬೆಳಗಾವಿಗೂ ಅದನ್ನೇ ಒಯ್ಯಬೇಕು. ಜೋರು ಜ್ವರ ಬಂದರೆ, ಶಸ್ತ್ರಚಿಕಿತ್ಸೆ ಎದುರಾದರೆ ಪ್ರಮಾಣವನ್ನು ತಾತ್ಕಾಲಿಕವಾಗಿ ಏರಿಸಬೇಕಾಗಬಹುದು. ವಾಂತಿಯಿಂದ ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ, ಆ ಚೀಟಿಯನ್ನು ಮೊದಲು ಮುಂದಿಡಿ.